ಕೊಸರಿಗೆ ಬಂದ ಸಟ್ಟುಗ

ಕಿನುವಿನ ಕೈಗೆ ಆ ಮನೆಯ ಸಟ್ಟುಗ ಬಂದಾಗ ಅವಳಿಗೆ ನಲವತ್ತೆಂಟು ತುಂಬಿತ್ತು. ಸೊಸೆಯಾಗಿ ಹೊಸ್ತಿಲು ದಾಟಿ ಬಂದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ನಡುವಿನ ಇಪ್ಪತ್ತೆಂಟು ವರ್ಷ ಅವಳು ಅತ್ತೆ ತೋಮೆ ಬಡಿಸಿದಷ್ಟನ್ನು ಉಂಡು, ಎರಡನೆಯ ಬಟ್ಟಲು ಮುಗಿದ ಕೂಡಲೇ ‘ಸಾಕು’ ಎಂದು ಉಣ್ಣುವ ಕಡ್ಡಿಗಳನ್ನು ಕೆಳಗಿಟ್ಟವಳು. ಮೂರನೆಯ ಬಟ್ಟಲು ಕೇಳಿದ ಸೊಸೆ ಜಪಾನಿನ ಯಮಗಾತದ ಆ ಹಳ್ಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವಳ ಸುದ್ದಿಯನ್ನು ಯಾರೂ ಒಳ್ಳೆಯ ಬಾಯಲ್ಲಿ ಆಡುತ್ತಿರಲಿಲ್ಲ.

ಸಟ್ಟುಗವೆಂದರೆ ಏನು ಮಹಾ? ಅಂಗೈಯಗಲದ ಮರದ ತುಂಡು. ಮೂರು ತಲೆಮಾರು ಅನ್ನದ ಮರಿಗೆಯ ತಳ ಕೆರೆದು ಅದರ ಒಂದು ಅಂಚು ಸವೆದೇ ಹೋಗಿತ್ತು. ಆದರೆ ಅದು ಯಾರ ಕೈಯಲ್ಲಿದೆಯೋ ಅವಳೇ ಮನೆಯೊಡತಿ. ಅಕ್ಕಿಪೆಟ್ಟಿಗೆಯ ಮುಚ್ಚಳ ತೆಗೆದು ಇವತ್ತು ಎಷ್ಟು ಅಳತೆ ಎಂದು ತೀರ್ಮಾನಿಸುವವಳು ಅವಳು. ಯಾರಿಗೆ ಮೊದಲು, ಯಾರಿಗೆ ಎಷ್ಟು ಎಂದು ತೀರ್ಮಾನಿಸುವವಳೂ ಅವಳೇ. ಕೂರುವ ಜಾಗವೂ ಸಟ್ಟುಗದ ಜೊತೆಗೇ ಬರುತ್ತದೆ. ನಡುಮನೆಯ ನೆಲದಲ್ಲಿ ಚೌಕವಾಗಿ ಕೊರೆದ ಅಗ್ಗಿಷ್ಟಿಕೆಗೆ ನಾಲ್ಕು ಬದಿ. ಒಳಗಿನದು ಯಜಮಾನನ ಬದಿ. ಅಲ್ಲಿ ಬೇರೆ ಯಾರಾದರೂ ಕೂತರೆ ಅದು ಬೆಕ್ಕಾಗಿರಬೇಕು, ಇಲ್ಲ ಹುಚ್ಚನಾಗಿರಬೇಕು, ಇಲ್ಲ ಪುರೋಹಿತನಾಗಿರಬೇಕು ಎಂದು ಗಾದೆ. ಅಡುಗೆಕೋಣೆಯ ಕಡೆಯದು ಒಡತಿಯ ಬದಿ, ಅದರೆದುರು ಅತಿಥಿಗಳ ಬದಿ. ಸೌದೆಯ ತುದಿಗಳು ಚಾಚಿಕೊಂಡು, ಬಾಗಿಲ ಗಾಳಿ ಬೆನ್ನಿಗೂ ಹೊಗೆ ಮುಖಕ್ಕೂ ಹೊಡೆಯುವ ನಾಲ್ಕನೆಯ ಬದಿ ಸೊಸೆಯದು. ಆ ಸೌದೆ ಬದಿಯಲ್ಲಿ ಕಿನು ಇಪ್ಪತ್ತೆಂಟು ವರ್ಷ ಕಣ್ಣೊರೆಸಿಕೊಂಡು ಕೂತಿದ್ದಳು.

ಒಂಬತ್ತು ವರ್ಷಗಳ ಹಿಂದೆ, ವರ್ಷದ ಕೊನೆಯ ದಿನದ ಸಂಜೆಯೂಟಕ್ಕೆ, ತೋಮೆ ಮರಿಗೆಯ ಮುಚ್ಚಳದ ಮೇಲೆ ಸಟ್ಟುಗ ಇಟ್ಟು ಸೊಸೆಯ ಕಡೆ ತಳ್ಳಿ, “ಇನ್ಮೇಲೆ ನೀನು,” ಎಂದಿದ್ದಳು. ಅಷ್ಟೇ ಮಾತು. ಎದ್ದು ಅತಿಥಿಗಳ ಬದಿಗೆ ಹೋಗಿ ಕೂತವಳು ಅಲ್ಲೇ ಬೇರೂರಿ, ಈಗ ಎಂಬತ್ತನಾಲ್ಕಾಗಿ, ಬಾಯಲ್ಲಿ ಒಂದು ಹಲ್ಲೂ ಉಳಿಯದೆ, ತನಗೆ ಬೇಕಾದ ಮಾತು ಮಾತ್ರ ಕೇಳಿಸಿಕೊಳ್ಳುತ್ತ ಸುಖವಾಗಿದ್ದಳು. ಕಿನುವಿನ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಯಜಮಾನನ ಬದಿಯಲ್ಲಿ ಈಗ ಮಗ ಮೊರಿಯೊ ಕೂರುತ್ತಿದ್ದ. ಸೌದೆ ಬದಿಯಲ್ಲಿ ಅವನ ಹೆಂಡತಿ ಮಸಾಯೊ, ಅವಳ ಮಗ್ಗುಲಿಗೆ ಐದು ವರ್ಷದ ಮಗಳು ಚಿಯೊ.

ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಲು ಇನ್ನೂ ಮೂರು ವರ್ಷವಿದ್ದ ಕಾಲ ಅದು. ಹಳ್ಳಿಗೆ ಕರೆಂಟು ಬಂದು ಎಷ್ಟೋ ದಿನವಾಗಿದ್ದರೂ ದೀಪ ಹಚ್ಚುವುದು, ರೇಡಿಯೋ ಹಾಡಿಸುವುದು ಬಿಟ್ಟು ಅದಕ್ಕೆ ಬೇರೆ ಚಾಕರಿ ಇರಲಿಲ್ಲ. ಆ ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ಸಂಜೆ, ಪೇಟೆಯ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದ ಮೊರಿಯೊ ಸೈಕಲ್ಲಿನ ಕ್ಯಾರಿಯರಿಗೆ ಒಂದು ದೊಡ್ಡ ಡಬ್ಬ ಕಟ್ಟಿಕೊಂಡು ಬಂದ. ಅದರೊಳಗೆ ಎಲೆಕ್ಟ್ರಿಕ್ ಕುಕ್ಕರ್ ಇತ್ತು. ಮಸಾಯೊ ಆಗ ಆರು ತಿಂಗಳ ಬಸುರಿ. ದಿನಾ ಬೆಳಗ್ಗೆ ನಾಲ್ಕೂವರೆಗೆ ಎದ್ದು, ಮಣ್ಣುನೆಲದ ಅಡುಗೆಕೋಣೆಯಲ್ಲಿ ಹುಲ್ಲಿನ ಚಪ್ಪಲಿ ಮೆಟ್ಟಿ, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದಳು. ಹೊಟ್ಟೆ ಅಡ್ಡ ಬರುತ್ತಿತ್ತು. ಅದನ್ನು ನೋಡಲಾರದೆ ತಂದೆ ಎಂದು ಮೊರಿಯೊ ತಾಯಿಗೆ ಸ್ವಲ್ಪ ನಾಚಿಕೊಂಡೇ ಹೇಳಿದ.

ಕಿನು ಬೇಡ ಎನ್ನಲಿಲ್ಲ. ಅವಳು ಕೆಟ್ಟ ಅತ್ತೆಯಲ್ಲ, ಕೆಟ್ಟವಳಾಗುವಷ್ಟು ಪುರುಸೊತ್ತು ಅವಳಿಗೆ ಎಂದೂ ಇರಲಿಲ್ಲ. ಅನ್ನ ಬೇಯುವಾಗ ಮಗು ಅತ್ತರೂ ಮುಚ್ಚಳ ತೆಗೆಯಬಾರದು ಎಂದು ಕಲಿತ ಕೈಗೆ ಗುಂಡಿ ಒತ್ತಿ ಎದ್ದು ಹೋಗುವ ಅಡುಗೆ ಅಡುಗೆಯೇ ಅಲ್ಲವೆಂದು ತೋರಿತು, ನಿಜ. ಆದರೂ ಬಸುರಿಗೆ ಅನುಕೂಲವಾಗುವುದಾದರೆ ಆಗಲಿ ಎಂದುಕೊಂಡಳು. ಡಬ್ಬದ ಜೊತೆ ಅಂಗಡಿಯವನು ಕೊಸರೆಂದು ಒಂದು ಪ್ಲಾಸ್ಟಿಕ್ ಸಟ್ಟುಗವನ್ನೂ ಕೊಟ್ಟಿದ್ದ. ತಿಳಿ ಗುಲಾಬಿ ಬಣ್ಣದ್ದು. ಚಿಯೊ ಅದನ್ನು ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು, ಯಾರಿಗೂ ಅದು ಲೆಕ್ಕಕ್ಕೆ ಬರಲಿಲ್ಲ.

ಎಡವಟ್ಟಾದದ್ದು ಪ್ಲಗ್ಗಿನಿಂದ. ನಡುಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟು, ರೇಡಿಯೋಗೆಂದು ಹಾಕಿಸಿದ್ದು. ಅದಿದ್ದದ್ದು ಸೌದೆ ಬದಿಯ ಕಂಬದಲ್ಲಿ. ಕುಕ್ಕರಿನ ವಯರು ಒಂದು ಮೊಳ. ಹೀಗಾಗಿ ಮರುದಿನ ಸಂಜೆ ಅನ್ನ ಬೆಂದದ್ದು ಮಸಾಯೊಳ ಮೊಣಕಾಲಿನ ಪಕ್ಕದಲ್ಲಿ. ಕಿನು ಅಕ್ಕಿ ಅಳೆದು ಕೊಟ್ಟು, ತನ್ನ ಬದಿಯಲ್ಲಿ ಕೂತು, ಖಾಲಿ ಮರಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಟ್ಟುಗವನ್ನು ನೀರಲ್ಲಿ ಅದ್ದಿ ಸಿದ್ಧಳಾಗಿದ್ದಳು. ಸೊಸೆ ಅನ್ನವನ್ನು ಮರಿಗೆಗೆ ತೋಡಿ ತಂದುಕೊಡಬೇಕು, ತಾನು ಬಡಿಸಬೇಕು. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ ಎಂದೇ ಅವಳು ತಿಳಿದಿದ್ದಳು.

ಕುಕ್ಕರು ಟಕ್ಕೆಂದಿತು. ಮಸಾಯೊ ಮುಚ್ಚಳ ತೆಗೆದಳು, ಹಬೆ ಮುಖಕ್ಕೆ ಬಂತು, ಅನ್ನ ಮಲ್ಲಿಗೆಯಂತೆ ಅರಳಿತ್ತು. ಅವಳು ಸಕಾತಾ ಬಂದರಿನ ಅಂಚೆ ಗುಮಾಸ್ತನ ಮಗಳು. ಬಿಸಿ ಅನ್ನವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕಿ ಯಾಕೆ ಆರಿಸಬೇಕು ಎಂದಷ್ಟೇ ಅವಳಿಗೆ ಹೊಳೆದದ್ದು. ಗುಲಾಬಿ ಸಟ್ಟುಗ ಕೈಗೆ ಸಿಕ್ಕಿತು. ಮೊದಲು ತೀರಿಹೋದ ಹಿರಿಯರ ಗೂಡಿಗೆ ಇಡುವ ಪುಟ್ಟ ಬಟ್ಟಲು ತುಂಬಿದಳು, ಅದನ್ನು ಮರೆಯಲಿಲ್ಲ. ಆಮೇಲೆ ಗಂಡನ ಬಟ್ಟಲು, ಆಮೇಲೆ ತೋಮೆಯದು. ಕ್ರಮ ತಪ್ಪಲಿಲ್ಲ, ಒಂದಗುಳು ಚೆಲ್ಲಲಿಲ್ಲ. ಆಮೇಲೆ ಕಿನುವಿನ ಕಡೆ ಕೈ ಚಾಚಿ, “ಅತ್ತೆ, ನಿಮ್ಮ ಬಟ್ಟಲು ಕೊಡಿ,” ಎಂದಳು.

ಕಿನು ಒಂದು ಕೈಯಲ್ಲಿ ಒದ್ದೆ ಸಟ್ಟುಗ ಹಿಡಿದು ಹಾಗೇ ಕೂತಿದ್ದಳು. ಮೊರಿಯೊ ಬಾಯಿಗೆ ಒಯ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತ. ಮೊದಲು ಬಾಯಿ ಬಿಟ್ಟದ್ದು ತೋಮೆ.

“ಅಯ್ಯೋ ಕಿನು, ಸಟ್ಟುಗ ಕೊಟ್ಬಿಟ್ಯಾ? ಒಂಬತ್ತೇ ವರ್ಷಕ್ಕಾ? ನಾನು ಮೂವತ್ಮೂರು ವರ್ಷ ಹಿಡ್ಕೊಂಡಿದ್ದೆ.”

ಮಸಾಯೊಗೆ ಆಗ ಅರ್ಥವಾಯಿತು. ಕಿವಿಯವರೆಗೆ ಕೆಂಪಾಗಿ ಗುಲಾಬಿ ಸಟ್ಟುಗವನ್ನು ಕೈ ಸುಟ್ಟಂತೆ ಕೆಳಗಿಟ್ಟಳು. ಕಿನು ಬಟ್ಟಲು ಕೊಟ್ಟಳು, ಉಂಡಳು, ಮಿಸೊ ಸಾರು ಕುಡಿದಳು, ಮೂಲಂಗಿ ಉಪ್ಪಿನಕಾಯಿಯನ್ನು ಕರುಕುರು ಜಗಿದಳು. ಅನ್ನ ಚೆನ್ನಾಗಿತ್ತು, ಅದೇ ಅವಳ ಹೊಟ್ಟೆಯನ್ನು ಇನ್ನಷ್ಟು ಉರಿಸಿತು.

ಅಲ್ಲಿಗೇ ಬಿಟ್ಟಿದ್ದರೆ ಬಿಡುತ್ತಿದ್ದಳೇನೋ. ಎರಡು ದಿನ ಬಿಟ್ಟು ಊರ ಕಾಲುವೆಯಲ್ಲಿ ಚಳಿಗಾಲದ ಉಪ್ಪಿನಕಾಯಿಗೆ ಮೂಲಂಗಿ ತೊಳೆಯುತ್ತಿದ್ದಾಗ ಎದುರುಮನೆಯ ತೊಕು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ನಿಮ್ಮ ಮನೆಯ ಸಟ್ಟುಗ ಕೈ ಬದಲಾಯಿತಂತೆ, ಒಳ್ಳೆಯದಾಯಿತು, ಇನ್ನು ನೀವು ಆರಾಮವಾಗಿರಿ ಎಂದಳು. ಸುದ್ದಿ ಮುಟ್ಟಿಸಿದ್ದು ಚಿಯೊ: ನಮ್ಮನೇಲಿ ಈಗ ಅಮ್ಮ ಬಡಿಸ್ತಾಳೆ, ಗುಲಾಬಿ ಸಟ್ಟುಗದಲ್ಲಿ ಎಂದು ಅವಳು ಮನೆಮನೆಗೆ ಹೋಗಿ ಹೇಳಿಬಂದಿದ್ದಳು. ಕಿನು ನೂರಿಪ್ಪತ್ತು ಮೂಲಂಗಿ ತೊಳೆದು ಮನೆಗೆ ಬಂದಳು. ಕೈ ಮರಗಟ್ಟಿತ್ತು, ತಲೆ ಮಾತ್ರ ಕಾದಿತ್ತು.

ಮರುದಿನದಿಂದ ಆ ಮನೆಯಲ್ಲಿ ಎರಡು ಅನ್ನ. ಕಿನು ನಾಲ್ಕೂವರೆಗೆ ತಾನೇ ಎದ್ದು, ಒಲೆ ಹೊತ್ತಿಸಿ, ಹಳೆಯ ಕಬ್ಬಿಣದ ಪಾತ್ರೆಯಲ್ಲಿ ಅನ್ನ ಮಾಡಿ, ಮರಿಗೆಗೆ ತೋಡಿ ತನ್ನ ಪಕ್ಕ ಇಟ್ಟುಕೊಂಡಳು. ಕುಕ್ಕರಿನಲ್ಲೂ ಒಂದಿಷ್ಟು ಬೇಯುತ್ತಿತ್ತು, ಯಾಕೆಂದರೆ ತೋಮೆ ಬಿಡಲಿಲ್ಲ. ಕುಕ್ಕರಿನ ಅನ್ನ ಮೆತ್ತಗೆ, ಹಲ್ಲಿಲ್ಲದ ಬಾಯಿಗೆ ಅದೇ ಸ್ವರ್ಗ ಎಂದು ಹಟ ಹಿಡಿದಳು. ಚಿಯೊಗೆ ಕುಕ್ಕರಿನ ಅನ್ನ ಬೇಡ, ಅದರಲ್ಲಿ ತಳ ಹಿಡಿದ ಗರಿಗರಿ ಚೂರು ಸಿಗುವುದಿಲ್ಲ. ಮೊರಿಯೊ ತಾಯಿಯ ಮನಸ್ಸು ನೋಯಬಾರದೆಂದು ಮರಿಗೆಯಿಂದ ಎರಡು ಬಟ್ಟಲು, ಹೆಂಡತಿಯ ಮನಸ್ಸು ನೋಯಬಾರದೆಂದು ಕುಕ್ಕರಿನಿಂದ ಎರಡು ಬಟ್ಟಲು ತಿಂದು, ಎರಡು ವಾರದಲ್ಲಿ ಪ್ಯಾಂಟಿನ ಗುಂಡಿ ಹಾಕಲಾಗದೆ ಒದ್ದಾಡಿದ. ಹಿರಿಯರ ಗೂಡಿನಲ್ಲೂ ಎರಡು ಪುಟ್ಟ ಬಟ್ಟಲು ಕೂತವು. ತೀರಿಹೋದವನು ಬದುಕಿದ್ದಾಗ ಅಷ್ಟು ಉಂಡವನಲ್ಲ.

ಮಸಾಯೊ ಕೂಡ ಕುಕ್ಕರಿನ ಅನ್ನ ಮುಟ್ಟಲಿಲ್ಲ. ಅತ್ತೆಯ ಮುಂದೆಯೇ ಬಟ್ಟಲು ಚಾಚಿದಳು. ಬೆಳಗ್ಗೆ ಒಲೆಯ ಮುಂದೆಯೂ ಬಂದು ನಿಂತಳು. ಬೇಡವೆಂದರೂ ಬಂದಳು. ಒಂದು ದಿನ ಅಲ್ಲೇ ಜಗಳವಾಯಿತು.

“ನೀನ್ಯಾಕೆ ಎದ್ದು ಬಂದೆ?” ಎಂದಳು ಕಿನು, ಊದುಕೊಳವೆ ಬದಿಗಿಟ್ಟು. “ನಿಂಗೆ ಗುಂಡಿ ಒತ್ತಿದ್ರೆ ಅನ್ನ ಆಗುತ್ತಲ್ಲ. ಹೋಗಿ ಮಲ್ಕೋ.”

“ನೀವು ಚಳೀಲಿ ಒಲೆ ಊದ್ತಾ ಕೂತಿರೋವಾಗ ನಂಗೆ ನಿದ್ದೆ ಬರುತ್ತಾ ಅತ್ತೆ?”

“ಬರ್ಲಿ ಅಂತಾನೇ ತಾನೆ ನಿನ್ ಗಂಡ ಅದನ್ನ ಹೊತ್ಕೊಂಡು ಬಂದಿರೋದು.”

“ನಿಮ್ಮ ಸಟ್ಟುಗ ನಾನು ಕೇಳ್ಲಿಲ್ಲ.” ಮಸಾಯೊ ಅಲ್ಲಿಂದ ಕದಲಲಿಲ್ಲ. “ಪಾತ್ರೆ ನನ್ ಮುಂದಿತ್ತು, ಅನ್ನ ಬಿಸಿಯಾಗಿತ್ತು, ಬಡಿಸ್ದೆ. ನಮ್ಮಮ್ಮನ ಮನೇಲಿ ಯಾರ ಮುಂದೆ ಪಾತ್ರೆ ಇರುತ್ತೋ ಅವ್ರೇ ಬಡಿಸ್ತಾರೆ.”

“ಇದು ನಿಮ್ಮಮ್ಮನ ಮನೆ ಅಲ್ಲ.”

“ಆರು ವರ್ಷದಿಂದ ಕೇಳ್ತಾನೇ ಇದೀನಿ ಈ ಮಾತು.”

ಕಿನು ಒಲೆಗೆ ಸೌದೆ ತುರುಕಿದಳು, ಬೇಕಾದ್ದಕ್ಕಿಂತ ಹೆಚ್ಚೇ ತುರುಕಿದಳು. “ನಾನು ಇಪ್ಪತ್ತೆಂಟು ವರ್ಷ ಕಾದೆ ಕಣೇ. ನೀನು ಒಂದು ದಿನದಲ್ಲಿ ಬಡಿಸ್ದೆ. ಊರೋರೆಲ್ಲ ಬಂದು ನಂಗೆ ಶುಭಾಶಯ ಹೇಳ್ತಾರೆ. ಕೈಯಿಂದ ಕಿತ್ಕೊಂಡ ಹಾಗಾಯ್ತು ನಂಗೆ.”

ಮಸಾಯೊ ಬಗ್ಗಿ ಸೌದೆಯೊಂದನ್ನು ಹಿಂದಕ್ಕೆ ಎಳೆದಳು. ಆಮೇಲೆ ತಗ್ಗಿದ ದನಿಯಲ್ಲಿ, “ಹಾಗಾದ್ರೆ ಕುಕ್ಕರನ್ನೇ ನಿಮ್ಮ ಪಕ್ಕ ಇಟ್ಕೊಳ್ಳಿ. ನಂಗೇನು?” ಎಂದಳು.

“ಇಟ್ಕೊಳ್ತಿದ್ದೆ, ವಯರು ಸಾಲಲ್ವಲ್ಲ!”

ಕಾಗದದ ಬಾಗಿಲ ಆಚೆ ಮಲಗಿದಂತೆ ನಟಿಸುತ್ತಿದ್ದ ಮೊರಿಯೊ ಎದ್ದು ಕೂತು, ವಯರು ತಾನೆ, ನಾಳೆಯೇ ಹಾಕಿಸುತ್ತೇನೆ ಎಂದ. ಅತ್ತೆ ಸೊಸೆ ಇಬ್ಬರೂ ಅವನನ್ನು ಸೇರಿ ಬೈದರು: ಕೇಳಿಸಿಕೊಂಡು ಬಿದ್ದುಕೊಂಡಿದ್ದೆಯಲ್ಲ, ಎದ್ದು ಬಂದು ನೀರಾದರೂ ಸೇದಬಾರದಿತ್ತೇ? ಆ ಹೊತ್ತಿಗೆ ಅನ್ನ ತಳ ಹಿಡಿದು ಕಮಟು ವಾಸನೆ ಬಂತು. ಚಿಯೊಗೆ ಅಂದು ಹಬ್ಬ.

ಕರೆಂಟಿನವನು ಬಂದ. ಹೊಗೆಯಿಂದ ಕಪ್ಪಾದ ತೊಲೆಯುದ್ದಕ್ಕೂ ಬಿಳಿ ವಯರು ಎಳೆದು ಒಡತಿಯ ಬದಿಯ ಕಂಬಕ್ಕೆ ಹೊಸ ಪ್ಲಗ್ ಪಾಯಿಂಟು ಹೊಡೆದು ಹೋದ. ಕುಕ್ಕರು ಕಿನುವಿನ ಪಕ್ಕಕ್ಕೆ ಬಂತು. ಅವಳು ಅದರ ಅನ್ನವನ್ನು ಮರಿಗೆಗೆ ತೋಡಿ ಹಳೆಯ ಸಟ್ಟುಗದಿಂದ ಬಡಿಸತೊಡಗಿದಳು. ಗುಲಾಬಿ ಸಟ್ಟುಗ ಕೋಳಿಗಳ ತವಡು ಕಲಸುವ ಕೆಲಸಕ್ಕೆ ಹೋಯಿತು. ಈ ಸುದ್ದಿ ತೊಕುವಿಗೆ ತಲುಪುವಂತೆ ಕಿನು ಖುದ್ದಾಗಿ ನೋಡಿಕೊಂಡಳು. ಬೆಳಗ್ಗೆ ಐದೂಮುಕ್ಕಾಲರವರೆಗೆ ಬೆಚ್ಚಗೆ ಹೊದ್ದು ಮಲಗುವ ಸುಖ ಅವಳಿಗೆ ಐವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ಗೊತ್ತಾಯಿತು. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಮತ್ತೆ ಒಂದೇ ಅನ್ನ, ಮೊರಿಯೊನ ಪ್ಯಾಂಟಿಗೂ ನೆಮ್ಮದಿ.

ಡಿಸೆಂಬರ್ ಹದಿಮೂರು, ಮಸಿ ಗುಡಿಸುವ ದಿನ. ಎಲೆ ಸವರದ ಬಿದಿರುಗಳದ ತುದಿಯಿಂದ ತೊಲೆ ಜಂತಿಗಳ ವರ್ಷದ ಮಸಿ ಕೆಡವಿ, ಚಾಪೆಗಳನ್ನು ಹೊರಗೆ ಬಡಿದು, ಬಾಗಿಲುಗಳ ಹಳೆಯ ಕಾಗದ ಕಿತ್ತು ಹೊಸದು ಅಂಟಿಸಬೇಕು. ವರ್ಷವಿಡೀ ಬಾಗಿಲ ಕಾಗದಕ್ಕೆ ಬೆರಳು ತಾಗಿಸಿದರೆ ಪೆಟ್ಟು ತಿನ್ನುತ್ತಿದ್ದ ಚಿಯೊಗೆ ಆ ಒಂದು ದಿನ ಎಷ್ಟು ಬೇಕಾದರೂ ತೂತು ಹೊಡೆಯುವ ಸ್ವಾತಂತ್ರ್ಯ. ಅವಳು ಎರಡೂ ಕೈಯಲ್ಲಿ ಹೊಡೆದಳು. ತೋಮೆಯೂ ಕೂತಲ್ಲಿಂದಲೇ ಬೆರಳು ಚಾಚಿ ಎರಡು ಹೊಡೆದಳು.

ಮಧ್ಯಾಹ್ನದ ಊಟ ಮುಗಿದ ಮೇಲೆ ಕಿನು ಗೋಂದಿನ ಬೋಗುಣಿ ತರಲು ಅಡುಗೆಕೋಣೆಯ ಕಡೆ ನಡೆದಳು. ನಡುವಿನ ಬಾಗಿಲಿಗೆ ಕಾಗದವಿರಲಿಲ್ಲ, ಬರೀ ಮರದ ಚೌಕಟ್ಟು. ಅದರ ಕಿಂಡಿಗಳ ಆಚೆ ಮಸಾಯೊ ತೊಳೆಯುವ ಕಲ್ಲಿನ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಕುಕ್ಕರಿನ ಪಾತ್ರೆ ಎದೆಗೊತ್ತಿಕೊಂಡು, ಅಂಚಿಗೆ ಒಣಗಿ ಹಿಡಿದ ಅನ್ನವನ್ನು ಬೆರಳಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಳ್ಳಿಯಂತೆ, ಅವಸರದಲ್ಲಿ, ನಿಂತುಕೊಂಡೇ.

ಕಿನು ಹೆಜ್ಜೆಯ ಸದ್ದಾಗದಂತೆ ಹಿಂದೆ ಸರಿದಳು. ಸಿಕ್ಕಿಬಿದ್ದವಳು ತಾನೇ ಏನೋ ಎಂಬಂತೆ. ಮೊರಿಯೊ ಹೊಟ್ಟೆಯಲ್ಲಿದ್ದಾಗ ಅವಳು ಅದೇ ಕಲ್ಲಿನ ಮುಂದೆ, ಹಾಗೇ ಬೆನ್ನು ಹಾಕಿ, ಕಬ್ಬಿಣದ ಪಾತ್ರೆಯ ತಳ ಕೆರೆದಿದ್ದಳು. ಆ ಹಸಿವು ಎಂಥದೆಂದು ಅವಳಿಗೆ ಗೊತ್ತಿತ್ತು. ಇಬ್ಬರ ಹಸಿವು ಅದು. ಎರಡು ಬಟ್ಟಲಿಗೆ ಅಡಗುವಂಥದ್ದಲ್ಲ. ಕನಿಕರದ ಜೊತೆಗೆ ನಾಚಿಕೆಯೂ ಆಯಿತು. ಪ್ಲಗ್ಗು ತನ್ನ ಕಡೆಗೆ ಬಂದ ಸಂತೋಷದಲ್ಲಿ ಸೊಸೆಯ ಬಟ್ಟಲನ್ನು ನೋಡುವುದನ್ನೇ ಅವಳು ಮರೆತಿದ್ದಳು.

ಅಂದು ಸಂಜೆ ಸೊಸೆಯ ಬಟ್ಟಲಿಗೆ ಅನ್ನವನ್ನು ಅದುಮಿ ಅದುಮಿ ತುಂಬಿದಳು. ಎರಡನೆಯದನ್ನು ಗೋಪುರ ಮಾಡಿದಳು. ಅದೂ ಮುಗಿಯಿತು. ಕೈ ಚಾಚಿ, “ಇನ್ನೊಂದು ಹಾಕ್ಲಾ?” ಎಂದಳು.

“ಸಾಕು ಅತ್ತೆ.”

“ಸ್ವಲ್ಪ?”

“ಸಾಕು, ಹೊಟ್ಟೆ ತುಂಬ್ತು.”

ಮಾತು, ದನಿ, ಬಟ್ಟಲಿನ ಮೇಲೆ ಅಡ್ಡ ಹಿಡಿದ ಅಂಗೈ, ಎಲ್ಲ ಒಂದು ಕಾಲದ ಕಿನುವಿನದೇ. ಮರುದಿನವೂ ಕೇಳಿದಳು, ಮೂರನೆಯ ದಿನವೂ ಕೇಳಿದಳು. ಸಾಕು, ಸಾಕು. ಸಟ್ಟುಗ ಹಿಡಿದವಳು ಎಷ್ಟು ಕೇಳಿದರೂ ಸೊಸೆಯ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ ಎಂದು ಕಿನುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಾರ ಕಳೆದು ಒಂದು ಸಂಜೆ ಕಿನು ಸ್ನಾನದ ಮನೆಯಲ್ಲಿ ಅತ್ತೆಯ ಬೆನ್ನುಜ್ಜುತ್ತಿದ್ದಳು. ಹಿರಿಯಳೆಂದು ಮೊದಲ ನೀರು ತೋಮೆಗೆ. ತೊಟ್ಟಿಗೆ ಇಳಿಯುವ ಮುಂಚೆ ಹೊರಗೆ ಪುಟ್ಟ ಮಣೆಯ ಮೇಲೆ ಕೂರಿಸಿ ಮೈ ತೊಳೆಯಬೇಕು. ಬೆನ್ನು ಒಣಗಿದ ಖರ್ಜೂರದಂತೆ ಸುಕ್ಕಾಗಿತ್ತು. ಉಜ್ಜುತ್ತಾ ಉಜ್ಜುತ್ತಾ, ಮುಖ ಕಾಣುತ್ತಿಲ್ಲವೆಂಬ ಧೈರ್ಯಕ್ಕೆ, ಮೂವತ್ತು ವರ್ಷದಿಂದ ಕೇಳದ್ದನ್ನು ಕೇಳಿದಳು.

“ಅತ್ತೆ, ಮೊರಿಯೊ ನನ್ ಹೊಟ್ಟೇಲಿದ್ದಾಗ ನಂಗೆ ಹೊಟ್ಟೆಗೆ ಸಾಲ್ತಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?”

ಈ ಮಾತು ತೋಮೆಗೆ ಚೆನ್ನಾಗಿಯೇ ಕೇಳಿಸಿತು. “ಗೊತ್ತಿತ್ತು. ಪಾತ್ರೆ ಕೆರೀತಿದ್ದ ಸದ್ದು ನಡುಮನೇಗೂ ಕೇಳಿಸ್ತಿತ್ತು.”

“ಮತ್ತೆ?”

“ಮತ್ತೇನು? ದಿನಾ ಕೇಳ್ತಿದ್ದೆನಲ್ಲ. ನೀನು ಸಾಕು ಅಂತಿದ್ದೆ.”

“ಸೊಸೆ ಆದವ್ಳು ಇನ್ನೇನು ಹೇಳ್ತಾಳೆ ಅತ್ತೆ?”

“ಗೊತ್ತು. ನಾನೂ ನಮ್ಮತ್ತೆಗೆ ಹಾಗೇ ಹೇಳಿದ್ದೆ.” ತೋಮೆ ಬಿಸಿನೀರನ್ನು ಭುಜದ ಮೇಲೆ ಹುಯ್ದುಕೊಂಡಳು. “ಹೊಟ್ಟೆ ತುಂಬ ಉಣ್ಬೇಕು ಅಂದ್ರೆ ಸಟ್ಟುಗ ನಮ್ಮ ಕೈಲೇ ಇರ್ಬೇಕು. ಬೇರೆ ದಾರಿ ಇಲ್ಲ.”

“ಹಾಗಾದ್ರೆ ಆಗ್ಲೇ ಯಾಕೆ ಕೊಡ್ಲಿಲ್ಲ ನಂಗೆ?”

ತೋಮೆ ಬಗ್ಗಿ ಕಾಲಿನ ಬೆರಳುಗಳನ್ನು ಉಜ್ಜಿಕೊಳ್ಳತೊಡಗಿದಳು. ಕಿನು ಮತ್ತೆ ಕಿವುಡು ಬಂತೆಂದುಕೊಂಡಳು. ಆಮೇಲೆ ಮುದುಕಿ ತಿರುಗದೆಯೇ ಹೇಳಿದಳು: “ಕೊಟ್ಟ ಮೇಲೆ ನಾನು ಕೇಳ್ಬೇಕಾಗ್ತಿತ್ತಲ್ಲ. ಈಗ ಒಂಬತ್ತು ವರ್ಷದಿಂದ ಎರಡೇ ಬಟ್ಟಲು ಉಣ್ತಿದೀನಿ, ನೀನು ನೋಡಿಲ್ವಾ?”

ನೋಡಿರಲಿಲ್ಲ. ವಯಸ್ಸಾದವರಿಗೆ ಅಷ್ಟೇ ಸಾಕೆಂದುಕೊಂಡಿದ್ದಳು. ಕಿನು ಅತ್ತೆಯ ಬೆನ್ನಿಗೆ ಇನ್ನೊಂದು ಚೊಂಬು ನೀರು ಹಾಕಿ, ತೋಳು ಹಿಡಿದು ತೊಟ್ಟಿಗೆ ಇಳಿಸಿದಳು.

ಇಪ್ಪತ್ತೆಂಟರಂದು ಹಬ್ಬದ ಅಕ್ಕಿ ಉಂಡೆಗೆ ಒನಕೆ ಹಾಕಿದರು. ಇಪ್ಪತ್ತೊಂಬತ್ತು ಅಶುಭವೆಂದು ಅಂದು ಯಾರೂ ಕುಟ್ಟುವುದಿಲ್ಲ. ಮಸಾಯೊ ಒರಳಿನ ಹತ್ತಿರ ಬರಬಾರದೆಂದು ಕಿನು ಗದರಿಸಿ, ಮೊರಿಯೊನ ಒನಕೆಯ ಪೆಟ್ಟಿನ ನಡುವೆ ಹಿಟ್ಟು ತಿರುವುವ ಕೆಲಸವನ್ನು ತಾನೇ ಮಾಡಿದಳು. ಮೂವತ್ತರಂದು ಬೇರು ಗೆಡ್ಡೆಗಳ ಪಲ್ಯ, ಒಣಮೀನಿನ ಸಾರು. ಮೂವತ್ತೊಂದರ ಬೆಳಗ್ಗೆ ಅಕ್ಕಿಪೆಟ್ಟಿಗೆಯ ಮುಂದೆ ಕೂತು ಬಹಳ ಹೊತ್ತು ಅಳತೆಯ ಪಾವು ಹಿಡಿದುಕೊಂಡಿದ್ದಳು. ಒಂಬತ್ತು ವರ್ಷ. ತೋಮೆ ಮೂವತ್ತಮೂರು ವರ್ಷ ಹಿಡಿದಿದ್ದಳು. ಕೊಡಲು ಮನಸ್ಸು ಬರಲಿಲ್ಲ, ಸುಳ್ಳು ಯಾಕೆ ಹೇಳಬೇಕು? ಇನ್ನೂ ಹತ್ತು ವರ್ಷ ಹಿಡಿದರೂ ಯಾರೂ ಕೇಳುವವರಿರಲಿಲ್ಲ. ಆದರೆ ಆ ತೊಳೆಯುವ ಕಲ್ಲಿನ ಮುಂದೆ ನಿಂತ ಬೆನ್ನು ಕಣ್ಣೆದುರಿಂದ ಹೋಗಲೊಲ್ಲದು.

ಅಂದಿನ ಅನ್ನವನ್ನು ಅವಳು ಕಬ್ಬಿಣದ ಪಾತ್ರೆಯಲ್ಲೇ ಮಾಡಿದಳು. ಸಂಜೆ ಐದು ಗಂಟೆಗೇ ಹೊರಗೆ ಕತ್ತಲೆ, ಹಿಮ ಕಿಟಕಿಯ ಅರ್ಧಕ್ಕೆ ಬಂದಿತ್ತು. ಒಳಗೆ ಹೊಸ ಕಾಗದದ ಬಾಗಿಲುಗಳು ಬೆಂಕಿಯ ಬೆಳಕಿಗೆ ಹಾಲಿನಂತಿದ್ದವು. ಎಲ್ಲರೂ ಸ್ನಾನ ಮಾಡಿ ಒಗೆದ ಬಟ್ಟೆ ತೊಟ್ಟು ತಮ್ಮ ತಮ್ಮ ಬದಿಯಲ್ಲಿ ಕೂತರು. ಉಪ್ಪು ಹಾಕಿದ ಸಾಲ್ಮನ್ ಮೀನಿನ ದಪ್ಪ ತುಂಡು ಒಬ್ಬೊಬ್ಬರ ಮುಂದೆಯೂ ಇತ್ತು.

ಕಿನು ಹಿರಿಯರ ಗೂಡಿಗೆ ಪುಟ್ಟ ಬಟ್ಟಲು ತುಂಬಿಟ್ಟು ಕೈ ಮುಗಿದು ಬಂದಳು. ಮರಿಗೆಯ ಮುಚ್ಚಳ ಹಾಕಿದಳು. ಮುಚ್ಚಳದ ಮೇಲೆ ಸಟ್ಟುಗ ಇಟ್ಟಳು. ತಳ್ಳಲಿಲ್ಲ. ಎದ್ದು ನಿಂತು, “ಮಸಾಯೊ, ಈ ಕಡೆ ಬಾ. ಪ್ಲಗ್ಗು ಇಲ್ಲಿದೆ. ಇನ್ನೊಂದ್ಸಲ ವಯರು ಎಳೆಸೋಕೆ ನನ್ ಕೈಲಾಗಲ್ಲ,” ಎಂದಳು.

ಮಸಾಯೊ ಕೂತಲ್ಲೇ ಕೂತಿದ್ದಳು. ಬೇಡ ಅತ್ತೆ, ನಾನು ಅದಕ್ಕಾಗಿ ಅಲ್ಲ ಎಂದು ಏನೇನೋ ತಡವರಿಸಿದಳು.

“ಗೊತ್ತು, ನೀನು ಕೇಳಿಲ್ಲ. ನಾನು ಕೊಡ್ತಿದೀನಿ. ಬೇಗ ಬಾ, ಮೀನು ಆರೋಗುತ್ತೆ.”

ಮಸಾಯೊ ಹೊಟ್ಟೆ ಹಿಡಿದುಕೊಂಡು ಎದ್ದು, ಅಗ್ಗಿಷ್ಟಿಕೆ ಬಳಸಿ ಬಂದು ಒಡತಿಯ ಬದಿಯಲ್ಲಿ ಕೂತಳು. ಕಿನು ಎದುರಿನ ಅತಿಥಿಗಳ ಬದಿಗೆ ನಡೆದಳು. ತೋಮೆ ಸ್ವಲ್ಪ ಸರಿದು, ಪಕ್ಕದ ಚಾಪೆಯನ್ನು ತಟ್ಟಿ, “ಬಾ ಬಾ. ಒಬ್ಳೇ ಕೂತು ಬೇಜಾರಾಗಿತ್ತು,” ಎಂದಳು. ಆ ಬದಿಯಿಂದ ನೋಡಿದರೆ ಮನೆಯೇ ಬೇರೆಯಾಗಿ ಕಾಣುತ್ತಿತ್ತು. ಕಿನುವಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ, ಮಡಿಲಲ್ಲಿಟ್ಟುಕೊಂಡಳು.

ಮಸಾಯೊ ಬಡಿಸಿದಳು. ಗಂಡನಿಗೆ, ತೋಮೆಗೆ, ಕಿನುವಿಗೆ, ಮಗಳಿಗೆ, ಕೊನೆಗೆ ತನಗೆ. ಒಂದು ಬಟ್ಟಲಾಯಿತು, ಎರಡಾಯಿತು. ಮೀನು ಚೆನ್ನಾಗಿದೆ ಎಂದು ಮೊರಿಯೊ ಮೂರು ಸಲ ಹೇಳಿದ, ಬೇರೇನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಮಸಾಯೊ ತನ್ನ ಎರಡನೆಯ ಬಟ್ಟಲು ಮುಗಿಸಿ, ಸಟ್ಟುಗ ತನ್ನ ಕೈಯಲ್ಲೇ ಇದ್ದರೂ, ಅಭ್ಯಾಸಬಲದಿಂದ ಕಡ್ಡಿಗಳನ್ನು ಕೆಳಗಿಡಲು ಹೋದಳು.

ಅದನ್ನು ನೋಡಿದ ಕಿನು ತನ್ನ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿಯ ಮೇಲಿಂದ ಆಚೆಗೆ ಚಾಚಿದಳು.

“ನಂಗೆ ಇನ್ನೊಂದು ಹಾಕಮ್ಮ.”

ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಬಂದ ಮಾತು. ಮುಖ ಬಿಸಿಯಾಯಿತು, ಬೆಂಕಿಯಿಂದ ಎಂದು ಯಾರಾದರೂ ತಿಳಿದುಕೊಳ್ಳಲಿ. ಮಸಾಯೊ ಅತ್ತೆಯ ಮುಖ ನೋಡಿದಳು, ಬಟ್ಟಲು ನೋಡಿದಳು. ಆಮೇಲೆ ತುಂಬ ತುಂಬ ಹಾಕಿಕೊಟ್ಟಳು. ಕೊಟ್ಟು, ಒಂದು ಕ್ಷಣ ತಡೆದು, ತನ್ನ ಬಟ್ಟಲಿಗೂ ಹಾಕಿಕೊಂಡಳು.

“ನಂಗೂ,” ಎಂದಳು ತೋಮೆ, ಬಟ್ಟಲು ಮುಂದೆ ಚಾಚಿ. “ಇವತ್ತು ಕೇಳ್ಬೋದು ಅಂತಾದ್ರೆ ನಂಗೂ.”

“ನಂಗೂ,” ಎಂದಳು ಚಿಯೊ.

ಮೊರಿಯೊ ಕೇಳುವ ಹೊತ್ತಿಗೆ ಮರಿಗೆಯ ತಳ ಕಾಣಿಸಿತು. ವರ್ಷದ ಕೊನೆಯ ದಿನ ಅನ್ನದ ಪಾತ್ರೆ ಬರಿದಾಗಬಾರದು. ಹಳೆಯ ವರ್ಷದ ಒಂದು ಹಿಡಿಯಾದರೂ ಹೊಸ ವರ್ಷಕ್ಕೆ ಉಳಿಯಬೇಕು. ಎಲ್ಲರೂ ಕಿನುವಿನ ಮುಖ ನೋಡಿದರು. ಕಿನು ತನ್ನ ಬಟ್ಟಲನ್ನೇ ನೋಡುತ್ತ ಕೂತಳು.

ಮಸಾಯೊ ಎದ್ದಳು. ಯಾರನ್ನೂ ಕೇಳದೆ ಅಕ್ಕಿಪೆಟ್ಟಿಗೆಯ ಮುಚ್ಚಳ ತೆಗೆದಳು. ಪಾವು ಅಕ್ಕಿಯಲ್ಲಿ ಇಳಿಯುವ ಸದ್ದು ನಡುಮನೆಗೆ ಕೇಳಿಸಿತು. ಕಿನು ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. ಎರಡು ಸಾಕಾಗಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಕಿನು ಅದರ ಮೇಲೆ ಒಂದು ದೊಡ್ಡ ತುತ್ತು ಅನ್ನವಿಟ್ಟು ನುಂಗಿಬಿಟ್ಟಳು.

ಅಕ್ಕಿ ತೊಳೆದಾಯಿತು. ಮಸಾಯೊ ತನ್ನ ಬದಿಯಲ್ಲಿ ಕೂತು ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದಳು. ಐವರೂ ಬಟ್ಟಲು ಮಡಿಲಲ್ಲಿಟ್ಟುಕೊಂಡು, ಅನ್ನ ಆಗುವುದನ್ನೇ ಕಾಯುತ್ತ ಕೂತರು.